ಹೆಗಲ ಮೇಲಿನ ಬೂದಿ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಇರಲಾರರು. ರಾಜಕಾರಣಿಗಳ ಬಾಯಲ್ಲಂತೂ ಅದು ಸವೆದು ನುಣ್ಣಗಾಗಿದೆ. ಆದರೆ ಆ ಕಳ್ಳ ಹೆಗಲನ್ನೇ ಏಕೆ ಮುಟ್ಟಿಕೊಂಡ? ಕಾಯಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ, ಅದರ ಮೈಮೇಲಿನ ಬಿಳಿ ಪುಡಿ ಹೆಗಲಿಗೆ ಅಂಟಿತ್ತು, ಅದಕ್ಕೆ. ಈ ಪುಡಿಯನ್ನು ನಾವು ಬೂದಿ ಎನ್ನುತ್ತೇವೆ. ನಿಜದಲ್ಲಿ ಅದು ಬಲಿತ ಕಾಯಿಯ ಸಿಪ್ಪೆ ಹೊರಸೂಸುವ ಮೇಣ. ಅಂದರೆ ಗಾದೆಯ ಕುಂಬಳಕಾಯಿ ಬೂದುಗುಂಬಳ. ಇವತ್ತು ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ‘ಅರ್ಧ ಕೆಜಿ ಕುಂಬಳಕಾಯಿ ಕೊಡಿ’ ಎಂದರೆ ಬಹಳ ಸಲ ಕೈಗೆ ಬರುವುದು ಹಳದಿ ತಿರುಳಿನ ಸಿಹಿಗುಂಬಳದ ಹೋಳು. ಅದನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿದರೂ ಸಿಕ್ಕಿಬೀಳುವಷ್ಟು ಬೂದಿ ಅಂಟುವುದಿಲ್ಲ.

ಗಾದೆಗಳಿಗೆ ತೇದಿ ಇರುವುದಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಅದು ದೊಡ್ಡ ತಲೆನೋವು. ಆದರೂ ಕಲ್ಲಿನಲ್ಲಿ ಸಿಕ್ಕಿಕೊಂಡ ಚಿಪ್ಪಿನಂತೆ ಈ ಗಾದೆಯಲ್ಲಿ ಒಂದು ಹಳೆಯ ಅರ್ಥ ಉಳಿದುಕೊಂಡಿದೆ. ‘ಕುಂಬಳ’ ಎಂಬ ಶಬ್ದ ಯಾವ ವಿಶೇಷಣವೂ ಇಲ್ಲದೆ ಒಂದೇ ಕಾಯಿಯನ್ನು ಸೂಚಿಸುತ್ತಿದ್ದ ಕಾಲದ ಅರ್ಥ ಅದು. ಪಕ್ಕದ ಮಲಯಾಳದಲ್ಲಿ ಈಗಲೂ ಹಾಗೇ ಇದೆ. ಅಲ್ಲಿ ಕುಂಬಳಙ್ಙ ಎಂದರೆ ಬೂದುಗುಂಬಳ ಮಾತ್ರ. ಸಿಹಿಗುಂಬಳಕ್ಕೆ ಮತ್ತಙ್ಙ ಎಂಬ ಬೇರೆಯದೇ ಹೆಸರು. ಕನ್ನಡದಲ್ಲಿ ಹೊಸ ಕಾಯಿ ಹಳೆಯ ಹೆಸರಿನೊಳಗೆ ಬಂದು ಕೂತಿತು. ಆಮೇಲೆ ಹಳೆಯದನ್ನು ಗುರುತಿಸಲು ಅದಕ್ಕೇ ಒಂದು ‘ಬೂದು’ ಸೇರಿಸಬೇಕಾಯಿತು. ಮನೆಗೆ ಬಂದ ನೆಂಟ ಯಜಮಾನನ ಹೆಸರನ್ನು ತಾನಿಟ್ಟುಕೊಂಡು, ಯಜಮಾನನಿಗೆ ಅಡ್ಡಹೆಸರು ಕೊಡಿಸಿದ ಹಾಗೆ.

ಈ ನೆಂಟ ಬಂದದ್ದು ಬಹಳ ದೂರದಿಂದ. ಸಿಹಿಗುಂಬಳದ ಕುಲವೆಲ್ಲ ಅಮೆರಿಕ ಖಂಡಗಳದ್ದು. ಮೆಕ್ಸಿಕೋದ ಒಆಹಾಕಾ ಪ್ರಾಂತ್ಯದ ಗಿಲಾ ನಾಕಿಟ್ಜ್ ಎಂಬ ಗುಹೆಯಲ್ಲಿ ಸಿಕ್ಕ ಕುಂಬಳದ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು ಎಂದು ಬ್ರೂಸ್ ಸ್ಮಿತ್ 1997ರಲ್ಲಿ ತೋರಿಸಿದರು. ಅಲ್ಲಿನ ಜನ ಮೆಕ್ಕೆಜೋಳವನ್ನು ಪಳಗಿಸುವ ಮೊದಲೇ ಕುಂಬಳವನ್ನು ಪಳಗಿಸಿದ್ದರು. ಆ ಗುಹೆಯ ಬೀಜ ಯಾವ ಪ್ರಭೇದದ್ದೋ, ಇವತ್ತು ವೈಟ್‌ಫೀಲ್ಡ್‌ನ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ತಣ್ಣಗೆ ಮಲಗಿರುವ ಜುಕಿನಿಯೂ ಅದೇ ಪ್ರಭೇದದ್ದು. ನಮ್ಮ ಹಿತ್ತಿಲುಗಳ ಸಿಹಿಗುಂಬಳ ಹೆಚ್ಚಾಗಿ ಅದರ ದಾಯಾದಿ, ಬೆಚ್ಚಗಿನ ಸೀಮೆಯ ಇನ್ನೊಂದು ಪ್ರಭೇದ. ದಕ್ಷಿಣ ಅಮೆರಿಕದಿಂದ ಬಂದ ಮೂರನೆಯದೂ ಒಂದಿದೆ.

ಕಾಲದ ಲೆಕ್ಕ ನೋಡಿ. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ನಮ್ಮ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದದ್ದು ಹೆಚ್ಚುಕಡಿಮೆ ಇದೇ ಹೊತ್ತಿಗೆ, 16ನೇ ಶತಮಾನದ ಮೊದಲ ದಶಕದ ಸುಮಾರಿಗೆ. ಬದನೆಕಾಯಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟ ಪಾಕಶಾಸ್ತ್ರಜ್ಞ ಆತ. ಆತನ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯಿಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆಯಿಲ್ಲ, ಸಿಹಿಗುಂಬಳವೂ ಇಲ್ಲ. ಅವೆಲ್ಲ ಆಗಿನ್ನೂ ಹಡಗು ಹತ್ತುವ ಹಂತದಲ್ಲಿದ್ದವು. ಕನ್ನಡದ ಈ ಅಡುಗೆ ಪುಸ್ತಕ ಒಂದು ಬಾಗಿಲು ಮುಚ್ಚುವ ಮುಂಚಿನ ಕೊನೆಯ ಚಿತ್ರದಂತೆ ನನಗೆ ಕಾಣುತ್ತದೆ. ಅದಕ್ಕೂ ಐನೂರು ವರ್ಷ ಹಿಂದಿನ ಚಾವುಂಡರಾಯನ ‘ಲೋಕೋಪಕಾರ’ವನ್ನು (1025) ಪಕ್ಕಕ್ಕಿಟ್ಟರೂ, ಇಬ್ಬರ ತರಕಾರಿ ಬುಟ್ಟಿಗಳ ನಡುವೆ ಇರುವ ಅಂತರಕ್ಕಿಂತ ಮಂಗರಸನಿಗೂ ನಮ್ಮ ಅಜ್ಜಿಯರಿಗೂ ನಡುವಿನ ಅಂತರ ದೊಡ್ಡದು.

ಇಲ್ಲಿ ಒಬ್ಬರಾದರೂ ಸೋಮನಾಥಪುರದ ಮಾತೆತ್ತುತ್ತಾರೆ ಎಂದು ಗೊತ್ತು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ, ಕಾಳುಕಾಳಾಗಿ ಕಾಣುವ ಆ ವಸ್ತು ಮೆಕ್ಕೆಜೋಳದ ತೆನೆಯೇ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಅಮೆರಿಕದ ಬೆಳೆಗಳು ಇಲ್ಲಿದ್ದವು ಎಂದು ಕಾರ್ಲ್ ಯೋಹಾನೆಸನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ವಾದಿಸಿದರು. ಪಾಯಕ್ ಮತ್ತು ಸಚನ್ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು 1993ರಲ್ಲಿ ಅದೇ ಪತ್ರಿಕೆಯಲ್ಲಿ ಅದನ್ನು ಅಲ್ಲಗಳೆದರು. ನಾನು ಎರಡನೆಯ ಪಕ್ಷದವಳು. ಕಲ್ಲಿನಲ್ಲಿ ತೆನೆ ಕಂಡ ಮಾತ್ರಕ್ಕೆ ಸಾಲದು. ಹೊಲದಲ್ಲಿ, ಮಾತಿನಲ್ಲಿ, ಅಡುಗೆಯ ಪುಸ್ತಕದಲ್ಲಿ ಎಲ್ಲೂ ಇರದ ಬೆಳೆ ಶಿಲ್ಪಿಯ ಕೈಯಲ್ಲಿ ಮಾತ್ರ ಇತ್ತು ಎಂದರೆ ನಂಬುವುದು ಕಷ್ಟ. ಕುಂಬಳದ ವಿಷಯದಲ್ಲಾದರೋ ಮಾತು ಸಾಕ್ಷಿ ಹೇಳುತ್ತಿದೆ. ತಮಿಳಿನಲ್ಲಿ ಸಿಹಿಗುಂಬಳಕ್ಕೆ ಪರಂಗಿಕ್ಕಾಯ್ ಎನ್ನುತ್ತಾರೆ. ಪರಂಗಿ ಎಂದರೆ ಫಿರಂಗಿ, ಕಡಲಾಚೆಯಿಂದ ಬಂದವನು. ಕನ್ನಡಕ್ಕೆ ಆ ಶಬ್ದ ಹೊಸದೇನಲ್ಲ, ನಾವು ಅದನ್ನು ಇನ್ನೊಬ್ಬ ಅಮೆರಿಕನ್ನನಿಗೆ ಕೊಟ್ಟೆವು: ಪರಂಗಿ ಹಣ್ಣು. ಕರಾವಳಿ, ಮಲೆನಾಡಿನ ಕಡೆ ಸಿಹಿಗುಂಬಳ ಚೀನಿಕಾಯಿ ಆಯಿತು. ಚೀನಾದ ಚೀನಿಯೋ, ಸಕ್ಕರೆಯ ಚೀನಿಯೋ, ಎರಡಕ್ಕೂ ವಾದಿಸಬಹುದು. ಎರಡರಲ್ಲೂ ‘ಇದು ನಮ್ಮದಲ್ಲ’ ಎಂಬ ನೆನಪು ಸಣ್ಣಗೆ ಇದೆ.

ನಮ್ಮದಲ್ಲದ್ದಕ್ಕೆ ಹಳೆ ಮೈಸೂರಿನ ಕನ್ನಡದಲ್ಲಿ ಇನ್ನೊಂದು ಮುದ್ರೆಯಿದೆ: ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಸೆ. ಸಂಸ್ಕೃತದಲ್ಲಿ ಗಡಿ ಎಂಬ ಅರ್ಥದ ಪದ ಕನ್ನಡದಲ್ಲಿ ಮೊದಲು ನಾಡಿನ ಭಾಗವಾಯಿತು, ಆಮೇಲೆ ಪರದೇಶವಾಯಿತು. ಅದಕ್ಕೆ ಎದುರಾಳಿ ಪದ ‘ನಾಟಿ’. ನಾಟಿ ಕೋಳಿ, ನಾಟಿ ಟೊಮ್ಯಾಟೊ, ನಾಟಿ ಕೊತ್ತಂಬರಿ. ಉತ್ತರ ಕರ್ನಾಟಕದಲ್ಲಾದರೆ ಜವಾರಿ. ಇಂಗ್ಲಿಷಿನಲ್ಲಿ ಹೇರ್‌ಲೂಮ್ ಎಂದು ಹೇಳಿ ದುಪ್ಪಟ್ಟು ಬೆಲೆಗೆ ಮಾರುವುದನ್ನು ನಮ್ಮ ಸಂತೆಯ ಹೆಂಗಸರು ಎರಡಕ್ಷರದಲ್ಲಿ ಮುಗಿಸುತ್ತಾರೆ. ಆದರೆ ‘ನಾಟಿ ಟೊಮ್ಯಾಟೊ’ ಎಂಬುದನ್ನೇ ಒಂದು ಕ್ಷಣ ಯೋಚಿಸಿ. ಟೊಮ್ಯಾಟೊ ನಾಟಿಯಾದದ್ದು ಯಾವಾಗ? ಅಮೆರಿಕದ ಬೆಳೆ ಯಾವ ದಿನ ಸೀಮೆಯ ಗಡಿ ದಾಟಿ ನಾಟಿಯಾಯಿತು? ಈ ಪ್ರಶ್ನೆ ನನ್ನ ಪಿಎಚ್‌ಡಿ ವಿಷಯವಲ್ಲ. ನಾನು ಕೆಲಸ ಮಾಡುತ್ತಿರುವುದು ಬೆಂಗಳೂರಿನ ಪೂರ್ವ ಭಾಗದ ಹಳ್ಳಿಗಳ ಭೂದಾಖಲೆಗಳ ಮೇಲೆ. ಆದರೆ ದಾಖಲೆಯಲ್ಲಿ ಕಾಣದ ಸಂಗತಿಯೊಂದು ನಾನಿರುವ ಬಾಡಿಗೆ ಮನೆಯ ಹಿಂದೆಯೇ ಬೆಳೆಯುತ್ತಿತ್ತು.

ಅದಕ್ಕೆ ಬರುವ ಮುಂಚೆ ಸೀಮೆಬದನೆಯನ್ನು ಮಾತಾಡಿಸಬೇಕು. ಅದೂ ಕುಂಬಳದ ವಂಶದ್ದೇ, ಹೆಸರಷ್ಟೇ ಬದನೆಯದು. ಅದರ ತವರೂ ಮೆಕ್ಸಿಕೋ ಕಡೆಯದೇ. ಹೈದರಾಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದ. 1874ರಲ್ಲಿ ಬಂದ ಜಾನ್ ಕ್ಯಾಮರಾನ್ 1908ರವರೆಗೆ, ಮೂವತ್ತನಾಲ್ಕು ವರ್ಷ, ಇಲ್ಲೇ ಇದ್ದ. ಬೆಂಗಳೂರಿಗೆ ಸೀಮೆಬದನೆ ತಂದ ಶ್ರೇಯವನ್ನು ಲಾಲ್‌ಬಾಗಿನ ಚರಿತ್ರೆಕಾರರು ಸಾಮಾನ್ಯವಾಗಿ ಕೊಡುವುದು ಈ ಕ್ಯಾಮರಾನ್‌ಗೆ. ಸುಮಾರು 900 ಮೀಟರ್ ಎತ್ತರದ ಈ ಊರಿನ ತಂಪು, ದಂಡುಪ್ರದೇಶದ ಇಂಗ್ಲಿಷರ ಊಟದ ಮೇಜು, ಇವೆರಡರ ನಡುವೆ ಕೋಸು, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು ಎಲ್ಲ ಬೆಂಗಳೂರಿನ ಬೆಳೆಗಳಾದವು. ಕ್ಯಾಮರಾನ್ ಬೀಜ ತರಿಸಿರಬಹುದು, ಆದರೆ ಅವುಗಳಿಗೆ ನೀರು ಹಾಯಿಸಿ, ಕಳೆ ಕಿತ್ತು, ಬುಟ್ಟಿ ತುಂಬಿ ಮಾರುಕಟ್ಟೆಗೆ ಹೊತ್ತವರು ತಿಗಳರು, ಕರಗ ಹೊರುವ ಆ ಸಮುದಾಯ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್ ಕೂಡ ಊರ ಸುತ್ತಲಿನ ತರಕಾರಿ ತೋಟಗಳನ್ನೂ ತಿಗಳರನ್ನೂ ಗಮನಿಸಿದ್ದ. ಸಸ್ಯೋದ್ಯಾನದ ಚರಿತ್ರೆಯಲ್ಲಿ ಸೂಪರಿಂಟೆಂಡೆಂಟರ ಹೆಸರುಗಳು ಸಾಲಾಗಿ ಇವೆ. ಮಡಿ ಕಟ್ಟಿದವರ ಹೆಸರು ಬಹುತೇಕ ಇಲ್ಲ.

ಸೀಮೆಬದನೆಯ ಹೆಸರಿನಲ್ಲೊಂದು ತಮಾಷೆಯಿದೆ. ತಮಿಳರು ಅದನ್ನು ಬೆಂಗಳೂರು ಕತ್ತರಿಕ್ಕಾಯ್ ಎಂದರು, ತೆಲುಗರು ಬೆಂಗಳೂರು ವಂಕಾಯ ಎಂದರು. ಎರಡರ ಅರ್ಥವೂ ಬೆಂಗಳೂರು ಬದನೆ. ಹೊರಗಿನವರ ಕಣ್ಣಿಗೆ ಅದು ನಮ್ಮದು; ನಮ್ಮ ಬಾಯಲ್ಲಿ ಅದು ಇವತ್ತಿಗೂ ಸೀಮೆಯದು. ಒಂದು ಶತಮಾನ ದಾಟಿದರೂ ನಾವು ಅದಕ್ಕೆ ನಾಟಿಯ ಪಟ್ಟ ಕೊಟ್ಟಿಲ್ಲ. ಕೊಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅದಕ್ಕಿಂತ ನಾಟಿ ಸ್ವಭಾವದ ತರಕಾರಿ ಇನ್ನೊಂದಿಲ್ಲ. ಸೀಮೆಬದನೆಯೊಳಗೆ ಇರುವುದು ಒಂದೇ ಬೀಜ. ಅದನ್ನು ತೆಗೆದು ಒಣಗಿಸಿದರೆ ಸಾಯುತ್ತದೆ. ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ಹಾಗಾಗಿ ಅದನ್ನು ಪೊಟ್ಟಣ ಕಟ್ಟಿ ಮಾರಲು ಆಗುವುದಿಲ್ಲ. ಬೇಕೆಂದರೆ ಯಾರದೋ ಚಪ್ಪರದಿಂದ ಬಲಿತು ಮೊಳೆತ ಕಾಯಿ ತಂದು, ಇಡೀ ಕಾಯಿಯನ್ನೇ ಓರೆಯಾಗಿ ಮಣ್ಣಿಗೆ ಇಡಬೇಕು. ಯಾವ ಕಂಪನಿಯ ಲೇಬಲ್ಲೂ ಇಲ್ಲದೆ, ಕೈಯಿಂದ ಕೈಗೆ ಮಾತ್ರ ಬಂದ ಬೆಳೆ.

ಕ್ಯಾಮರಾನ್ ಲಾಲ್‌ಬಾಗಿನಲ್ಲಿದ್ದ ಕಾಲದಲ್ಲೇ ಊರಿನ ಪೂರ್ವಕ್ಕೆ ಇನ್ನೊಂದು ಪ್ರಯೋಗ ನಡೆಯಿತು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಮದರಾಸಿನ ಡಿ. ಎಸ್. ವೈಟ್ ಅವರ ಹೆಸರಿನಲ್ಲಿ ವೈಟ್‌ಫೀಲ್ಡ್ ಎದ್ದಿತು. ನಡುವೆ ಹಸಿರು ಬಯಲು, ಸುತ್ತ ವೃತ್ತಾಕಾರದ ರಸ್ತೆ, ರಸ್ತೆಗುಂಟ ಮನೆ, ಮನೆಯ ಹಿಂದೆ ತೋಟ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಈಗಲೂ ಬೋರ್ಡಿನಲ್ಲಿವೆ. ಅತ್ತ ಇಂಗ್ಲಿಷರೂ ಇತ್ತ ಭಾರತೀಯರೂ ತಮ್ಮವರೆಂದು ಒಪ್ಪದ ಒಂದು ಸಮುದಾಯ, ರೈಲ್ವೆ ಮತ್ತು ಅಂಚೆ ಕಚೇರಿಯ ನೌಕರಿಯ ಹಂಗಿಲ್ಲದೆ ಮಣ್ಣಿನಿಂದ ಬದುಕಬೇಕು ಎಂಬುದು ಕನಸು. ಸೀಮೆಯವರೂ ಅಲ್ಲದ ನಾಟಿಯೂ ಅಲ್ಲದ ಜನ ಬೇರು ಬಿಡಲು ಹೊರಟ ಜಾಗ ಇದು ಎಂದು ಪ್ರತಿಸಲ ಆ ವೃತ್ತದಲ್ಲಿ ನಡೆಯುವಾಗ ನನಗೆ ಅನ್ನಿಸುತ್ತದೆ. ಕನಸು ಅಂದುಕೊಂಡಷ್ಟು ದೊಡ್ಡದಾಗಿ ಬೆಳೆಯಲಿಲ್ಲ. ಊರು ಚಿಕ್ಕದಾಗಿಯೇ ಉಳಿಯಿತು, ನಿವೃತ್ತರ ಬಂಗಲೆಗಳ ಊರಾಗಿ. 1990ರ ದಶಕದ ಕೊನೆಗೆ ಪಟ್ಟಂದೂರು ಅಗ್ರಹಾರದ ಬಳಿ ಐಟಿಪಿಎಲ್ ತಲೆಯೆತ್ತಿದ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತು.

ನಾನಿರುವುದು ಕಾಡುಗೋಡಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಹಳ್ಳಿ ಎಂದರೆ ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳ ಓಣಿಗಳು. ಓನರ್ ಅಜ್ಜಿಗೆ ಎಪ್ಪತ್ತರ ಮೇಲೆ. ಕೆಳಗಿನ ಮನೆಯ ಹಿಂದೆ ಮೂವತ್ತು ನಲವತ್ತರ ಒಂದು ಸೈಟಿನಷ್ಟು ಹಿತ್ತಿಲನ್ನು ಅವರು ಹಠದಿಂದ ಹಾಗೇ ಉಳಿಸಿಕೊಂಡಿದ್ದಾರೆ. ಅದರ ಮೂಲೆಯಲ್ಲೊಂದು ತಿಪ್ಪೆ, ತಿಪ್ಪೆಯ ಮೇಲೆ ಸಿಹಿಗುಂಬಳದ ಬಳ್ಳಿ. ಮುಂಗಾರಿಗೆ ಮುಂಚೆ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು; ಉಳಿದ ಅಡಿಯ ಸಾರದಲ್ಲಿ ಎರಡು ಬೀಜ ಊರಿದರೆ ಮೊದಲ ಮಳೆಗೆ ಹುಟ್ಟಿ, ದಸರೆಯ ಹೊತ್ತಿಗೆ ಕಾಯಿ ಬಲಿಯುತ್ತಿತ್ತು. ಈ ಕಡೆಯ ಹಳ್ಳಿಗಳಲ್ಲಿ ಕುಂಬಳಕ್ಕೆ ಬೇರೆ ಜಾಗವನ್ನೇ ಕೊಡುತ್ತಿರಲಿಲ್ಲ. ತಿಪ್ಪೆ ಇದ್ದರೆ ಕುಂಬಳ. ತಿಪ್ಪೆಗೆ ದನ ಬೇಕು, ದನಕ್ಕೆ ಮೇವು, ಮೇವಿಗೆ ರಾಗಿ ಹೊಲ. ಈಗ ಅಜ್ಜಿಯ ತಿಪ್ಪೆಯಲ್ಲಿ ಬೀಳುವುದು ಬಾಡಿಗೆದಾರರ ತರಕಾರಿ ಸಿಪ್ಪೆ, ಟೀ ಸೊಪ್ಪು, ಪಕ್ಕದ ಬೀದಿಯಲ್ಲಿ ಉಳಿದಿರುವ ಎರಡು ಹಸುಗಳ ಸಗಣಿ.

ಒಂದು ಕೈತೋಟ ಮೇಳದಲ್ಲಿ ನನಗೆ ಜುಕಿನಿಯ ಬೀಜ ಸಿಕ್ಕಿತ್ತು. ಇಟಲಿಯ ಹಳೆಯ ತಳಿ, ಹಸಿರು ಮೈಮೇಲೆ ತಿಳಿ ಪಟ್ಟೆ. ಮೆಕ್ಸಿಕೋದಿಂದ ಯುರೋಪಿಗೆ ಹೋದ ಕುಂಬಳವನ್ನು ಇಟಲಿಯವರು ಎಳೆಯ ಕಾಯಾಗಿ ತಿನ್ನಲು ತಿದ್ದುತ್ತ ಬಂದರು. ಈಗಿನ ರೂಪದ ಜುಕಿನಿ 19ನೇ ಶತಮಾನದ ಕೊನೆಯ ಹೊತ್ತಿಗೆ ಮಿಲಾನಿನ ಸುತ್ತಮುತ್ತ ಬಂತು. ಇಟಾಲಿಯನ್ನಿನಲ್ಲಿ ಆ ಹೆಸರಿನ ಅರ್ಥವೇ ಪುಟ್ಟ ಕುಂಬಳಗಳು. ನಾನು ಅಜ್ಜಿಯ ಒಪ್ಪಿಗೆ ಪಡೆದು ಕಾರ್ತಿಕ ಮಾಸದಲ್ಲಿ ನಾಲ್ಕು ಗುಣಿ ತೋಡಿ ಬೀಜ ಹಾಕಿದೆ. ವಾರದಲ್ಲಿ ಹುಟ್ಟಿತು. ಒಂದು ತಿಂಗಳಾದರೂ ಬಳ್ಳಿ ಹಬ್ಬಲಿಲ್ಲ. ಅಗಲ ಎಲೆಗಳ ಪೊದೆಯಾಗಿ ಅಲ್ಲೇ ಕೂತಿತು. ಜುಕಿನಿಯ ಗುಣವೇ ಅದು. ಅಜ್ಜಿ ದಿನಾ ಬಂದು ನೋಡುತ್ತಿದ್ದರು.

“ಏನ್ ಮಗ, ಇದು ಬಳ್ಳಿ ಬಿಡಲ್ವಾ?”

“ಇಲ್ಲ ಅಜ್ಜಿ, ಇದು ಹಿಂಗೇ ಗಿಡದ ತರ ಇರುತ್ತೆ.”

“ಹಬ್ಬದೇ ಇದ್ಮೇಲೆ ಅದೆಂತಾ ಕುಂಬಳ?”

ಕಾಯಿ ಬಿಟ್ಟಾಗ ಮುರಿದು ಮೂಸಿ ನೋಡಿ, ಇದು ಸೀಮೆಸೌತೆ ಎಂದು ತೀರ್ಮಾನಿಸಿದರು. ಆವತ್ತಿನಿಂದ ಆ ಮನೆಯಲ್ಲಿ ಅದರ ಹೆಸರು ಸೀಮೆಸೌತೆ. ಒಂದೂವರೆ ಶತಮಾನದ ಹಿಂದೆ ಯಾವುದೋ ಮಡಿಯ ಬದಿಯಲ್ಲಿ ಮೊದಲ ಸೀಮೆಬದನೆಗೆ ಹೆಸರಿಟ್ಟವರು ಯಾರೋ, ಅವರೂ ಹೀಗೇ ಮುರಿದು ಮೂಸಿ ನೋಡಿರಬೇಕು. ಅಜ್ಜಿ ಅದಕ್ಕೆ ಕಡಲೆಬೇಳೆ ಹಾಕಿ ಪಲ್ಯ ಮಾಡಿದರು. ನೀರು ಬಿಡುತ್ತೆ ಎಂದು ದೂರಿದರು. ನಿಜ, ಜುಕಿನಿಗೆ ನಮ್ಮ ಒಗ್ಗರಣೆಯ ಉರಿ ಹೆಚ್ಚು ಹೊತ್ತು ತಾಳುವುದಿಲ್ಲ. ಮಜ್ಜಿಗೆಹುಳಿಯಲ್ಲಿ ಮಾತ್ರ ಬೂದುಗುಂಬಳದ ಹೋಳಿನಷ್ಟೇ ಸಭ್ಯವಾಗಿ ನಡೆದುಕೊಂಡಿತು.

ಬೀಜದ ವಿಷಯದಲ್ಲಿ ಸೀಮೆಸೌತೆಗೂ ತಿಪ್ಪೆಯ ಕುಂಬಳಕ್ಕೂ ಇರುವ ವ್ಯತ್ಯಾಸ ಆಗ ಕಣ್ಣಿಗೆ ಬಿತ್ತು. ಜುಕಿನಿಯನ್ನು ಕೀಳುವುದು ಗೇಣುದ್ದ ಇರುವಾಗ, ಒಳಗಿನ ಬೀಜ ಇನ್ನೂ ಹಾಲಾಗಿರುವಾಗ. ಅಂಗಡಿಯ ಯಾವ ಜುಕಿನಿಯನ್ನೂ ತಂದು ಬೀಜ ಮಾಡಲು ಸಾಧ್ಯವಿಲ್ಲ. ಬೀಜ ಬೇಕೆಂದರೆ ಒಂದು ಕಾಯಿಯನ್ನು ತಿನ್ನುವ ಆಸೆ ಬಿಟ್ಟು ಗಿಡದಲ್ಲೇ ಬಿಡಬೇಕು. ಅದು ಮೊಣಕೈ ಗಾತ್ರಕ್ಕೆ ಊದಿ, ಸಿಪ್ಪೆ ಉಗುರು ಇಳಿಯದಷ್ಟು ಗಟ್ಟಿಯಾಗುವವರೆಗೆ ಕಾಯಬೇಕು. ಆ ಕಾಯಿ ಗಿಡದ ಶಕ್ತಿಯನ್ನೆಲ್ಲ ಎಳೆದುಕೊಳ್ಳುವುದರಿಂದ ಮುಂದಿನ ಫಸಲು ಕಡಿಮೆಯಾಗುತ್ತದೆ. ಹೊಸಕೋಟೆ, ದೇವನಹಳ್ಳಿ ಕಡೆ ಮಾರುಕಟ್ಟೆಗೆಂದು ಬೆಳೆಯುವ ರೈತನಿಗೆ ಅದು ನಷ್ಟ. ಆತ ಪ್ರತಿ ಸಲವೂ ಪೊಟ್ಟಣ ಕೊಳ್ಳುತ್ತಾನೆ. ಆ ಪೊಟ್ಟಣ ಹೈಬ್ರಿಡ್ ಆಗಿದ್ದರೆ ಬೀಜ ಎತ್ತಿಟ್ಟರೂ ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ. ಸಿಹಿಗುಂಬಳ ಹಾಗಲ್ಲ. ಅದನ್ನು ತಿನ್ನುವುದೇ ಬಲಿತ ಮೇಲೆ. ಪಲ್ಯಕ್ಕೆ ಹೆಚ್ಚಿದಾಗ ಬೀಜ ತಾನಾಗಿ ಕೈಗೆ ಬರುತ್ತದೆ. ಊಟವೂ ಬಿತ್ತನೆಯೂ ಒಂದೇ ಕಾಯಿಯಲ್ಲಿ. ನಾಲ್ಕೈದು ಶತಮಾನಗಳಲ್ಲಿ ಸಿಹಿಗುಂಬಳ ನಮ್ಮದಾಗಲು, ಹಳೆಯವನ ಹೆಸರನ್ನೇ ಕಿತ್ತುಕೊಳ್ಳುವಷ್ಟು ನಮ್ಮದಾಗಲು, ಇದು ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ. ಅದು ಎಲ್ಲಿಂದ ಬಂತು ಎಂಬುದು ಕೆಲವೇ ತಲೆಮಾರಿನಲ್ಲಿ ಮರೆತುಹೋಗುತ್ತದೆ. ಮುಂದಿನ ವರ್ಷದ ಬೀಜ ಯಾರ ಮನೆಯ ಡಬ್ಬಿಯಲ್ಲಿದೆ ಎಂಬುದು ಉಳಿಯುತ್ತದೆ.

ಅಜ್ಜಿಯ ಡಬ್ಬಿ ಹಳೆಯ ಹಾರ್ಲಿಕ್ಸ್ ಬಾಟಲಿ. ಬಳ್ಳಿಯ ಬುಡಕ್ಕೆ ಹತ್ತಿರದಲ್ಲಿ ಬಿಟ್ಟ, ಗೆರೆ ಆಳವಾಗಿ ಮೂಡಿದ ಕಾಯಿಯೊಂದನ್ನು ಅಟ್ಟದ ಮೇಲೆ ಸಂಕ್ರಾಂತಿಯವರೆಗೂ ಇಟ್ಟು, ಒಡೆದು, ಬೀಜ ತೊಳೆದು, ಒಲೆಯ ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸುತ್ತಾರೆ. ಎಲೆಗೆ ಕೆಂಪು ದುಂಬಿ ಬಿದ್ದರೂ ಬೂದಿಯೇ. ಗ್ಯಾಸ್ ಬಂದ ಮೇಲೆ ಬೂದಿಗೆ ಅಭಾವ. ನೀರು ಕಾಯಿಸುವ ಹಂಡೆ ಒಲೆಯನ್ನು ಅವರು ಕೆಡವಲು ಬಿಡದಿರುವುದಕ್ಕೆ ಅದೂ ಒಂದು ಕಾರಣ. ಹೆಣ್ಣು ಹೂ ಕಡಿಮೆ ಕಾಯಿ ಕಟ್ಟಿದ ವರ್ಷ ಬೆಳಗಿನ ಜಾವ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾವೇ ಮುಟ್ಟಿಸುತ್ತಾರೆ. ‘ಜೇನು ಬರಾಕಿಲ್ಲ ಈಗ’ ಎಂದರು ಒಮ್ಮೆ. ನನ್ನ ಜುಕಿನಿಯ ಜೊತೆ ಅವರ ಕುಂಬಳ ಬೆರೆತು ಕೆಟ್ಟೀತೇ ಎಂದು ಅವರಿಗೆ ಆತಂಕವಿತ್ತು. ಎರಡೂ ಬೇರೆ ಪ್ರಭೇದ, ಸುಲಭವಾಗಿ ಬೆರೆಯುವುದಿಲ್ಲ ಎಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಮರುವರ್ಷ ನನ್ನ ಗುಣಿಗಳನ್ನು ಹಿತ್ತಿಲಿನ ಇನ್ನೊಂದು ತುದಿಗೆ ಸಾಗಿಸಿದರು.

ಬೀಜವನ್ನು ಹಿತ್ತಿಲಿನಿಂದ ಪೊಟ್ಟಣಕ್ಕೆ ಸಾಗಿಸಿದ ಚರಿತ್ರೆಯೂ ಬೆಂಗಳೂರಿನದೇ ಎಂಬುದು ವಿಚಿತ್ರ. ಮನಮೋಹನ ಅತ್ತಾವರ ಅವರು 1965ರಲ್ಲಿ ಇಲ್ಲಿ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿದರು. 1973ರಲ್ಲಿ ಆ ಸಂಸ್ಥೆಯ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮ್ಯಾಟೊ, ‘ಭಾರತ್’ ಎಂಬ ಹೈಬ್ರಿಡ್ ದೊಣ್ಣೆಮೆಣಸಿನಕಾಯಿ ಬಂದವು. ಹೆಸರುಗಳನ್ನು ಗಮನಿಸಿ: ಮುಂದೆ ‘ನಾಟಿಯಲ್ಲದ್ದು’ ಎನಿಸಿಕೊಳ್ಳಲಿದ್ದ ಬೀಜಗಳಿಗೆ ನಾಡಿನ, ದೇಶದ ಹೆಸರು. ಇತ್ತ ಪೀಣ್ಯದಿಂದ ಆಚೆಗೆ, ಹೆಸರಘಟ್ಟದಲ್ಲಿ, 1960ರ ದಶಕದ ಕೊನೆಯಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಂತು. ಅದರ ‘ಅರ್ಕಾ ಚಂದನ್’, ‘ಅರ್ಕಾ ಸೂರ್ಯಮುಖಿ’ ಎಂಬ ಸಿಹಿಗುಂಬಳಗಳು ಹೈಬ್ರಿಡ್ ಅಲ್ಲ, ಬೀಜ ಎತ್ತಿಡಬಹುದು. ಸೂರ್ಯಮುಖಿ ಕಿತ್ತಳೆ ಬಣ್ಣದ ಚಪ್ಪಟೆ ಕಾಯಿ, ಒಂದು ಒಂದೂವರೆ ಕಿಲೋ, ಹಣ್ಣುನೊಣದ ಕಾಟ ತಡೆಯುವಂಥದ್ದು, ಚಿಕ್ಕ ಸಂಸಾರಕ್ಕೆ ಅನುಕೂಲ. ಹಳೆಯದೆಲ್ಲ ಒಳ್ಳೆಯದು, ಪ್ರಯೋಗಾಲಯದ್ದೆಲ್ಲ ಕೆಟ್ಟದ್ದು ಎಂಬ ಸರಳ ಸಾಲು ನನಗೆ ಹಿಡಿಸುವುದಿಲ್ಲ. ಅಜ್ಜಿಯ ಕುಂಬಳ ಎಂಟು ಹತ್ತು ಕಿಲೋ ತೂಗುತ್ತದೆ. ಇಬ್ಬರೇ ಇರುವ ಫ್ಲಾಟಿಗೆ ಅದನ್ನು ಕೊಟ್ಟರೆ ಕಾಣಿಕೆಯಲ್ಲ, ಶಿಕ್ಷೆ. ಅಷ್ಟು ದೊಡ್ಡ ಕಾಯಿಗೆ ಅಷ್ಟೇ ದೊಡ್ಡ ಮನೆ, ಹಂಚಿಕೊಳ್ಳುವ ಕೇರಿ ಬೇಕು. ತಳಿ ಅಳಿಯುವುದಕ್ಕೆ ಕಂಪನಿಯೊಂದೇ ಕಾರಣವಲ್ಲ.

ಹಳೆಯ ಕುಂಬಳಕ್ಕೆ ಮಾತ್ರ ಈ ಭಯವಿಲ್ಲ. ಅದಕ್ಕೆ ಕಾರ್ಖಾನೆಗಳ ರಕ್ಷಣೆಯಿದೆ. ಆಯುಧಪೂಜೆಯ ದಿನ ಪೀಣ್ಯದಲ್ಲಿ ಓಡಾಡಿದವರಿಗೆ ಗೊತ್ತು. ಲೇತು, ಪ್ರೆಸ್ಸು, ಡ್ರಿಲ್ಲಿಂಗ್ ಮೆಷಿನ್ನುಗಳಿಗೆ ಅರಿಶಿನ ಕುಂಕುಮ ಬಳಿದು, ಬಾಗಿಲಲ್ಲಿ ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ, ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ ನೀವಾಳಿಸಿ ಒಡೆಯುತ್ತಾರೆ. 1978ರಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಅಲ್ಲಿನ ಗಾಜಿನ ಕಟ್ಟಡಗಳ ಗೇಟಿನ ಮುಂದೆಯೂ ಇದೇ. ರಸ್ತೆಯಲ್ಲಿ ಒಡೆಯಬೇಡಿ, ಬೈಕುಗಳು ಜಾರುತ್ತವೆ ಎಂದು ಪೊಲೀಸರು ಕೇಳಿಕೊಳ್ಳುವುದೂ ಹಬ್ಬದ ಭಾಗವಾಗಿದೆ. ಸಿನಿಮಾ ಮಂದಿ ಚಿತ್ರೀಕರಣ ಮುಗಿಸಿದರೆ ‘ಕುಂಬಳಕಾಯಿ ಒಡೆದೆವು’ ಎನ್ನುತ್ತಾರೆ. ಇಲ್ಲೆಲ್ಲೂ ಯಾರೂ ಸಿಹಿಗುಂಬಳ ತರುವುದಿಲ್ಲ. ಅಡುಗೆಮನೆಯಲ್ಲಿ ಹೆಸರು ಕಳೆದುಕೊಂಡ ಹಳೆಯ ಯಜಮಾನ ದೃಷ್ಟಿ ತೆಗೆಯುವ ಕೆಲಸದಲ್ಲಿ ತನ್ನ ಹೆಸರನ್ನು ವಿಶೇಷಣವಿಲ್ಲದೆ ಉಳಿಸಿಕೊಂಡಿದ್ದಾನೆ. ಆಚರಣೆಗೆ ನೆನಪು ಜಾಸ್ತಿ, ನಾಲಿಗೆಗೆ ಕಡಿಮೆ. ಮತ್ತೊಂದು ಸಂಗತಿ: ಒಡೆದ ಬೂದುಗುಂಬಳ ಬಲಿತದ್ದು, ಬೀಜ ಕೂಡಿದ್ದು. ಹಬ್ಬ ಕಳೆದು ಹದಿನೈದು ದಿನಕ್ಕೆ ಪೀಣ್ಯದ ಚರಂಡಿಯ ಅಂಚಿನಲ್ಲಿ ಅದರ ಸಸಿಗಳನ್ನು ನಾನೇ ಕಂಡಿದ್ದೇನೆ.

ಸಿಹಿಗುಂಬಳದ ಹಿತ್ತಿಲ ತಳಿಗಳಿಗೆ ಅಂಥ ಹಬ್ಬವಿಲ್ಲ. ಅವನ್ನು ಉಳಿಸುತ್ತಿರುವುದು ಹೆಂಗಸರ ಕೈ. ಶಿರಸಿಯ ‘ವನಸ್ತ್ರೀ’ ಬಳಗ ಮಲೆನಾಡಿನ ಗೃಹಿಣಿಯರ ಹಿತ್ತಿಲ ಬೀಜಗಳನ್ನು ಎರಡು ದಶಕಗಳಿಂದ ಕೈಬದಲು ಮಾಡಿಸುತ್ತ ಬಂದಿದೆ. ಬೆಂಗಳೂರಿನಲ್ಲಿ ಡಾ. ಬಿ. ಎನ್. ವಿಶ್ವನಾಥ್ ಅವರಂಥವರ ಪ್ರಯತ್ನದಿಂದ ತಾರಸಿ ತೋಟದ ಹುಚ್ಚು ಹಬ್ಬಿತು. 2011ರಿಂದ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳಗಳು ನಡೆದವು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳ ಟೆರೇಸಿನಲ್ಲಿ ಈಗ ಬದನೆ, ಹೀರೆ, ಜುಕಿನಿ ಬೆಳೆಯುವ ಟೆಕ್ಕಿಗಳು ಬೇಕಾದಷ್ಟಿದ್ದಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಎತ್ತಿಡುವ, ಬಿತ್ತುವ, ಹಂಚುವ ಹಕ್ಕನ್ನು ರೈತರಿಗೆ ಬರೆದುಕೊಟ್ಟಿದೆ, ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಅವಕಾಶವನ್ನೂ. ಅಜ್ಜಿ ರೈತರೇ? ಅವರ ಹೆಸರಿನಲ್ಲಿದ್ದ ಹೊಲ ಲೇಔಟ್ ಆಗಿ ಇಪ್ಪತ್ತು ವರ್ಷವಾಯಿತು.

ನನ್ನ ಸಂಶೋಧನೆ ಇಲ್ಲಿ ಬಂದು ಮುಗ್ಗರಿಸುತ್ತದೆ. ನಾನು ಓದುವ ಪಹಣಿಗಳಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಭೂಮಿ ಭಾಗವಾಗಿದೆ. ಸರ್ವೆ ನಂಬರಿಗೊಂದು ಬೆಳೆಯ ಕಾಲಂ ಇದೆ, ಅದರಲ್ಲಿ ರಾಗಿ, ಹುರುಳಿ, ನೀಲಗಿರಿ ಎಂದು ಬರೆದಿದೆ. ಹಿತ್ತಿಲು ಇರುವುದು ಗ್ರಾಮಠಾಣದೊಳಗೆ. ಗ್ರಾಮಠಾಣಕ್ಕೆ ಬೆಳೆಯ ಕಾಲಂ ಇಲ್ಲ. ಕಂದಾಯವಿಲ್ಲದ ಜಾಗದ ಬೆಳೆಯನ್ನು ಯಾವ ಶಾನುಭೋಗರೂ ಬರೆದಿಡಲಿಲ್ಲ. ಹಾಗಾಗಿ ಒಂದು ಊರಿನ ಹೆಂಗಸರು ನೂರಾರು ವರ್ಷ ಆರಿಸಿ ಉಳಿಸಿದ ಕುಂಬಳ, ಅವರೆ, ಹೀರೆ, ಪಡವಲ ಯಾವ ದಫ್ತರದಲ್ಲೂ ಇಲ್ಲ. ಕಡತ ಮಾತ್ರ ಓದಿದವರಿಗೆ ಅವು ಇರಲೇ ಇಲ್ಲ. ಗೈಡ್ ಇದಕ್ಕೆ ಆಧಾರ ಏನು ಎಂದು ಕೇಳಿದಾಗ ಹಾರ್ಲಿಕ್ಸ್ ಬಾಟಲಿಯನ್ನು ಅಡಿಟಿಪ್ಪಣಿಯಲ್ಲಿ ಹಾಕುವುದು ಹೇಗೆಂದು ನಾನು ಯೋಚಿಸುತ್ತಿದ್ದೆ. ಕೊನೆಗೆ ಮೌಖಿಕ ಮೂಲ, ದಿನಾಂಕ, ಸ್ಥಳ ಎಂದು ನಮೂದಿಸಿ ಒಂದು ಪುಟ ಸೇರಿಸಿದ್ದೇನೆ. ಉಳಿಯುತ್ತದೋ ಇಲ್ಲವೋ.

ಅಜ್ಜಿಯ ಮಕ್ಕಳು ಹಿತ್ತಿಲಿನಲ್ಲಿ ಬಿಲ್ಡಿಂಗ್ ಎಬ್ಬಿಸುವ ಮಾತಾಡುತ್ತಿದ್ದಾರೆ. ಕಾಡುಗೋಡಿಗೆ 2023ರಲ್ಲಿ ಮೆಟ್ರೊ ಬಂದ ಮೇಲೆ ಬಾಡಿಗೆ ಏರಿದೆ, ಅವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ನಾನೂ ಅಂಥದೇ ಒಂದು ಬಿಲ್ಡಿಂಗಿನಲ್ಲಿ ಇರುವವಳು. ಈ ಸಂಕ್ರಾಂತಿಯಲ್ಲಿ ಅಜ್ಜಿ ಹೆಚ್ಚು ಬೀಜ ಎತ್ತಿದರು. ಎಳ್ಳುಬೆಲ್ಲದ ಜೊತೆ ನನಗೊಂದು ಪೊಟ್ಟಣ ಕೊಟ್ಟರು, ಎಣಿಸಿದೆ, ಮೂವತ್ತೆರಡು ಬೀಜ. ಅದರಲ್ಲಿ ಹತ್ತನ್ನು ಊರಿನಲ್ಲಿರುವ ಅಮ್ಮನಿಗೆ ಕಳಿಸಿದೆ, ಎಂಟನ್ನು ಟೆರೇಸ್ ತೋಟದ ಗೆಳತಿಗೆ. ಗೆಳತಿ ತಳಿಯ ಹೆಸರೇನು ಎಂದು ಕೇಳಿದಳು. ಉಳಿದ ಬೀಜಗಳ ಪೊಟ್ಟಣದ ಮೇಲೆ ನಾನು ಅಜ್ಜಿಯ ಹೆಸರು, ಊರಿನ ಹೆಸರು, ಇಸವಿ ಬರೆದು ಅವರಿಗೆ ತೋರಿಸಿದೆ. ಓದಿಸಿ ಕೇಳಿಸಿಕೊಂಡು ನಕ್ಕರು.

“ನಂದ್ಯಾಕೆ ಬರ್ದೆ ಮಗ? ಇದು ನಮ್ಮತ್ತೆ ಕೊಟ್ಟಿದ್ದು. ಅವ್ರು ಮಾಲೂರ್ ಕಡೆಯವ್ರು. ತೌರಿಂದ ತಂದಿದ್ರು.”

ಹೊಡೆದುಹಾಕಲಿಲ್ಲ. ಅಜ್ಜಿಯ ಹೆಸರಿನ ಪಕ್ಕ ಮಾಲೂರು ಎಂದೂ ಸೇರಿಸಿದೆ. ಅತ್ತೆಯ ಹೆಸರು ಕೇಳಿ ಅದಕ್ಕೊಂದು ಸಾಲು ಬಿಟ್ಟಿದ್ದೇನೆ. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅತ್ತೆಯ ಹೆಸರು ಹೇಳಬಾರದಂತೆ. ಮಗನನ್ನು ಕೇಳು ಎಂದರು.